ಬಾಗಿಲ ಹಿಂದೆ ಗೆದ್ದವಳು

ತೊಗರ್ಸಿಯ ಕೆಂಪಪ್ಪನ ಮಗಳು ನೀಲಾಂಬಿಕ ಚಿಕ್ಕವಳಿದ್ದಾಗ ಅವಳ ಬಾಯಿಗೆ ಬೀಗ ಹಾಕುವವರು ಊರಲ್ಲಿ ಯಾರೂ ಇರಲಿಲ್ಲ. ಕೆರೆ ಏರಿಯ ತುದಿಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಕುಂತು, ಒಣಹುಲ್ಲಿನ ಮೇಲೆ ಜರ್ರನೆ ಕೆಳಗಿಳಿಯುವುದು ಆಗ ಮಕ್ಕಳ ಆಟ. ಬುಡದಲ್ಲಿ ಜಾಲಿಮುಳ್ಳು. ಮೈ ಯಾವ ಕಡೆ ವಾಲಿಸಬೇಕು ಎಂದು ತಿಳಿಯದವರು ನೆಟ್ಟಗೆ ಮುಳ್ಳಿನೊಳಗೆ ಹೋಗಿ ಬೀಳುತ್ತಿದ್ದರು. ನೀಲಾಂಬಿಕ ಬೀಳುತ್ತಿರಲಿಲ್ಲ. ಲಂಗದ ಹಿಂಭಾಗ ಹರಿದುಕೊಂಡು ಮನೆಗೆ ಬಂದರೆ ಅವ್ವ ಬೈದುಕೊಂಡು ಬೆನ್ನಿಗೆ ಗುದ್ದುತ್ತಿದ್ದಳು. ಗುದ್ದಿಸಿಕೊಳ್ಳುತ್ತಲೇ ಅವಳು ಯಾರ್‍ಯಾರು ಮುಳ್ಳಿಗೆ ಬಿದ್ದರು, ಯಾರು ಅತ್ತರು ಎಂದು ಅಪ್ಪನಿಗೆ ವರದಿ ಒಪ್ಪಿಸುತ್ತಿದ್ದಳು.

ಅಂಥವಳನ್ನು ಸೊರಬ ತಾಲ್ಲೂಕಿಗೆ, ಆನವಟ್ಟಿ ಮಗ್ಗುಲಿನ ಹಳ್ಳಿಯ ಆನಂದಪ್ಪನಿಗೆ ಕೊಟ್ಟರು. ಮದುವೆಯಾಗಿ ಬಂದ ಮಾರನೆಯ ದಿನವೇ ಅತ್ತೆ ಅವಳನ್ನು ಅಡಿಗೆಮನೆಯ ಮೂಲೆಗೆ ಕರೆದು ಬುದ್ಧಿ ಹೇಳಿದಳು. ಗಂಡನ ಅಣ್ಣ ಶಾಂತವೀರಪ್ಪ ಮನೆಗೆ ಹಿರಿಯ. ಭಾವನ ಎದುರಿಗೆ ನಿಲ್ಲಬಾರದು. ಭಾವನಿಗೆ ಬೆನ್ನು ತೋರಿಸಬಾರದು. ಭಾವನ ಜೊತೆ ನೇರ ಮಾತಾಡಬಾರದು. ಎದುರಿಗೂ ನಿಲ್ಲದೆ, ಬೆನ್ನೂ ತೋರಿಸದೆ ಇರಬೇಕು ಎಂದರೆ ಹೆಣ್ಣಾದವಳು ಎಲ್ಲಿರಬೇಕು? ಬಾಗಿಲ ಹಿಂದೆ ಇರಬೇಕು. ನೀಲಾಂಬಿಕ ಬಾಗಿಲ ಹಿಂದೆ ಹೋಗಿ ನಿಂತಳು.

ಮಾತು ಬೇಕಾದಾಗ ನಡುವೆ ಇನ್ನೊಬ್ಬರು ಬೇಕು. ಭಾವ ಜಂತಿ ನೋಡಿಕೊಂಡು "ಊಟಕ್ಕೆ ಎಷ್ಟೊತ್ತಂತೆ?" ಎನ್ನುತ್ತಿದ್ದ. ನೀಲಾಂಬಿಕ ಒಳಗಿಂದ "ಮುದ್ದೆ ಆಗ್ತಾ ಬಂತು ಅಂತ ಹೇಳ್ರತ್ತೆ" ಎನ್ನುತ್ತಿದ್ದಳು. ಅತ್ತೆ ಹೇಳುವ ಅಗತ್ಯವೇ ಇರಲಿಲ್ಲ, ಅವನಿಗೆ ಆಗಲೇ ಕೇಳಿಸಿರುತ್ತಿತ್ತು. ಆದರೂ ಅತ್ತೆ ಹೇಳುತ್ತಿದ್ದಳು. ಅದು ಆ ಮನೆಯ ಪದ್ಧತಿ.

ಒಂದು ಸಲ ಮನೆಯಲ್ಲಿ ಯಾರೂ ಇರಲಿಲ್ಲ. ಭಾವ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೊರಟಿದ್ದ. ಹಂಡೆಯ ಸಂದಿಯಲ್ಲಿ ನಾಗರಹಾವು ಸುತ್ತಿ ಮಲಗಿದ್ದನ್ನು ನೀಲಾಂಬಿಕ ಆಗಷ್ಟೇ ನೋಡಿ ಎದೆ ಹೊಡೆದುಕೊಳ್ಳುತ್ತ ಬಂದಿದ್ದಳು. ಹೇಳುವುದು ಹೇಗೆ? ಅತ್ತೆ ಇಲ್ಲ, ವಾರಗಿತ್ತಿ ಇಲ್ಲ, ಗಂಡ ಇಲ್ಲ, ತೊಟ್ಟಿಲಲ್ಲಿ ಕೂಸೂ ಇಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಇತ್ತು. ಅವಳು ಎಮ್ಮೆಯ ಕಡೆ ತಿರುಗಿ, "ಎಮ್ಮೇ, ಬಚ್ಚಲಾಗೆ ಹಾವೈತೆ ಕಣೇ! ಒಳಗೆ ಹೋಗ್ಬ್ಯಾಡ ಕಣೇ ಎಮ್ಮೇ!" ಎಂದು ಕಿರುಚಿದಳು. ಗಾಬರಿಗೆ ಎಮ್ಮೆಯೂ ಒದರಿತು. ಭಾವ ಅಲ್ಲೇ ನಿಂತ. ಜೀವ ಉಳಿಯಿತು.

ಆಮೇಲೆ ಅವನು ಮದುವೆ ಮನೆ, ಸಾವಿನ ಮನೆ ಎನ್ನದೆ ಹೋದಲ್ಲೆಲ್ಲ ಈ ಕತೆ ಹೇಳಿದ. "ನಮ್ಮೆಮ್ಮೆಗೆ ಎಂಥಾ ಬುದ್ಧಿ ಅಂತೀರಿ! ಬಚ್ಚಲಾಗೆ ಹಾವು ಐತೆ ಅಂತ ಒದರಿ ಒದರಿ ನನ್ನ ನಿಲ್ಲಿಸ್ತು." ಆ ಎಮ್ಮೆ ಸತ್ತಾಗ ಅದಕ್ಕೆ ಸೀರೆ ಹೊದಿಸಿ ಮಣ್ಣು ಮಾಡಿಸಿದ. ಹೊದಿಸಿದ್ದು ನೀಲಾಂಬಿಕಳ ಹಳೇ ಸೀರೆ.

ನಗಬೇಕೋ ಅಳಬೇಕೋ ತಿಳಿಯದೆ ಆಗ ಅವಳು ನಕ್ಕಿದ್ದಳು. ವಯಸ್ಸು ಸಣ್ಣದು. ನಗು ಸಿಟ್ಟಾಗುವುದಕ್ಕೆ ವರ್ಷಗಳು ಹಿಡಿದವು. ಅತ್ತೆಗೆ ಲಕ್ವಾ ಹೊಡೆದಾಗ ಬೆನ್ನ ಮೇಲೆ ಹೊತ್ತು ಬಸ್ಸಿಗೆ ಹತ್ತಿಸಿದವಳು ಇವಳು, ಕೊನೆಯವರೆಗೂ ಮಲಮೂತ್ರ ಬಳಿದವಳು ಇವಳು. ತಿಥಿಯ ದಿನ ಭಾವ ಪಂಕ್ತಿಯಲ್ಲಿ ಕುಂತು, "ನನ್ನ ತಮ್ಮ ಅವ್ವನ್ನ ಹೂವಿನಂಗೆ ನೋಡ್ಕಂಡ" ಎಂದ. ತಮ್ಮ ತಲೆ ತಗ್ಗಿಸಿ ಪಾಯಸ ಉಂಡ. ಬಾಗಿಲ ಹಿಂದೆ ನಿಂತು ಸೌಟು ಹಿಡಿದಿದ್ದ ನೀಲಾಂಬಿಕಳಿಗೆ ಆ ಸೌಟನ್ನು ಎಲ್ಲಿ ಬೀಸಬೇಕು ಅನ್ನಿಸಿತು ಎಂಬುದನ್ನು ಬರೆಯದಿರುವುದೇ ಒಳ್ಳೆಯದು.

ಶಾಂತವೀರಪ್ಪ ಆಮೇಲೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಹಾಕಿ ಅಲ್ಲೇ ಮನೆ ಕಟ್ಟಿಸಿದ. ಅವನ ಹೆಂಡತಿ ವರದಮ್ಮ, ನೀಲಾಂಬಿಕಳಿಗೆ ವಾರಗಿತ್ತಿ, ಕೆಟ್ಟವಳಲ್ಲ. ಆದರೆ ಗಂಡನ ಕೆಮ್ಮಿಗೂ ಬೆಚ್ಚುವವಳು. ಹಬ್ಬಕ್ಕೆ ಇಬ್ಬರು ಅಣ್ಣತಮ್ಮಂದಿರ ಮನೆಯವರೂ ಶಿಕಾರಿಪುರದಲ್ಲೇ ಸೇರುವುದು ರೂಢಿ.

ಈ ಸಲದ ಯುಗಾದಿಗೂ ಸೇರಿದ್ದರು. ಹೊರಗೆ ಕಾಲಿಟ್ಟರೆ ಹಿಮ್ಮಡಿ ಸುಡುವ ಬಿಸಿಲು. ಒಳಗೆ ಫ್ಯಾನು ತಿರುಗಿ ಬಿಸಿಗಾಳಿಯನ್ನೇ ಹಂಚುತ್ತಿತ್ತು. ಭಾವನ ಮಗಳು ಶಾಲಿನಿ ಶಿವಮೊಗ್ಗದಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಮಕ್ಕಳ ಜೊತೆ ಒಂದು ಆಟದ ಡಬ್ಬಿಯೂ ಬಂದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಸುಹೇಲ್ ಬಂದು ಅದನ್ನು ಹಾಲಿನ ದೊಡ್ಡ ಟಿವಿಗೆ ಜೋಡಿಸಿಕೊಟ್ಟು, ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹೋದ.

ಟಿವಿಯ ತುಂಬ ಬೆಳ್ಳಗೆ ಹಿಮ. ಗುಡ್ಡದ ತುದಿಯಲ್ಲಿ ಒಂದು ಗುಂಡುತಲೆಯ ಗೊಂಬೆ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ನಿಂತಿದೆ. ಎರಡು ಕೈಯಲ್ಲಿ ಎರಡು ಬಿಳಿ ರಿಮೋಟು ಹಿಡಿದು ಕೈ ಬೀಸಿದರೆ ಅದೂ ಬೀಸಿ ಮುಂದಕ್ಕೆ ಹೋಗುತ್ತದೆ. ಕೈಯನ್ನು ಎಡಕ್ಕೆ ವಾಲಿಸಿದರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ದಾರಿಯಲ್ಲಿ ಕೆಂಪು ಬಾವುಟ, ನೀಲಿ ಬಾವುಟ. ಅವುಗಳ ನಡುವೆ ನುಸುಳಿಕೊಂಡು ಬೇಗ ಕೆಳಗೆ ಮುಟ್ಟಿದವರು ಗೆದ್ದಂತೆ. ಮನೆಯ ಸಣ್ಣವರು ದೊಡ್ಡವರು ಎಲ್ಲರೂ ಕೂಡಿ ಆಡುವ ಆಟ ಎಂದು ಡಬ್ಬಿಯ ಮೇಲೆ ಚಿತ್ರವೂ ಇತ್ತು. ಅಜ್ಜಿ, ತಾತ, ಮೊಮ್ಮಕ್ಕಳು ಎಲ್ಲರೂ ಹಲ್ಲು ಕಿರಿದುಕೊಂಡು ನಿಂತಿದ್ದರು.

ಮೊದಲು ಮಕ್ಕಳು ಆಡಿದರು. ಆಮೇಲೆ "ಅದೇನು ಮಹಾ, ಕೊಡ್ರೋ ಇಲ್ಲಿ" ಎಂದು ಶಾಂತವೀರಪ್ಪ ಪಂಚೆ ಎತ್ತಿ ಕಟ್ಟಿ ನಿಂತ. ಎತ್ತಿಗೆ ಬಾರುಕೋಲು ಬೀಸಿದ ಹಾಗೆ ಬೀಸಿದ. ಗೊಂಬೆ ಎರಡನೇ ಬಾವುಟಕ್ಕೇ ದಾರಿ ಬಿಟ್ಟು ದೇವದಾರು ಮರಕ್ಕೆ ಹೋಗಿ ಬಡಿಯಿತು. ಮೇಲಿಂದ ಒಂದು ಗುಡ್ಡೆ ಹಿಮ ಅದರ ತಲೆಯ ಮೇಲೆ ಬಿತ್ತು. ಮಕ್ಕಳು ನೆಲದ ಮೇಲೆ ಉರುಳಾಡಿ ನಕ್ಕರು.

"ರಿಮೋಟು ಸರಿ ಇಲ್ಲ" ಎಂದು ಶಾಂತವೀರಪ್ಪ ಸೋಫಾದ ಮೇಲೆ ಕುಂತ.

"ಹೌದಣ್ಣ, ಸೆಲ್ಲು ವೀಕಾಗಿರ್ಬೇಕು" ಎಂದ ಪಕ್ಕದಲ್ಲಿ ಕುಂತ ಆನಂದಪ್ಪ. ಅವನು ಹುಟ್ಟಿದ್ದೇ ಅಣ್ಣನ ಮಾತಿಗೆ ಹೌದು ಎನ್ನುವುದಕ್ಕೆ.

ಆಟಕ್ಕೆ ನಾಲ್ಕನೆಯವರು ಬೇಕಾಯಿತು. ಶಾಲಿನಿ ಅಡಿಗೆಮನೆಗೆ ಬಂದಳು. ಅಲ್ಲಿ ವರದಮ್ಮ ಹೋಳಿಗೆ ತಟ್ಟುತ್ತಿದ್ದಳು, ನೀಲಾಂಬಿಕ ಬೇಯಿಸುತ್ತಿದ್ದಳು.

"ಚಿಕ್ಕಮ್ಮ, ಬರ್ರಿ ನೀವೊಂದು ಕೈ ಆಡ್ರಿ."

"ಅಯ್ಯೋ, ಭಾವಾರು ಕುಂತಾರಲ್ಲೇ ಅಲ್ಲಿ. ಅವರಿಗೆ ಬೆನ್ನು ಮಾಡ್ಕಂಡು ಹೆಂಗೆ ನಿಂತ್ಕಳ್ಳದು?"

"ಹಂಗಾರೆ ಇಲ್ಲೇ ಬಾಗಿಲಲ್ಲೇ ನಿಂತು ಆಡ್ರಿ. ಇದಕ್ಕೆ ವಯರಿಲ್ಲ, ಏನಿಲ್ಲ. ಟಿವಿ ಕಂಡ್ರೆ ಸಾಕು." ರಿಮೋಟುಗಳನ್ನು ಚಿಕ್ಕಮ್ಮನ ಕೈಗೆ ತುರುಕಿ, ಯಾವ ಗುಂಡಿ ಒತ್ತಬೇಕು ಎಂದು ತೋರಿಸಿ, ಫೋನು ಹೊಡೆದುಕೊಂಡಿತೆಂದು ಅವಳು ಮಹಡಿ ಹತ್ತಿಹೋದಳು.

ಆ ಮನೆಯಲ್ಲಿ ಸೋಫಾ ಟಿವಿಗೆ ಮುಖ ಮಾಡಿದೆ. ಅಡಿಗೆಮನೆ ಬಾಗಿಲು ಸೋಫಾದ ಬೆನ್ನ ಹಿಂದೆ. ಹಾಗಾಗಿ ಬಾಗಿಲಲ್ಲಿ ನಿಂತವಳಿಗೆ ಟಿವಿ ಚೆನ್ನಾಗಿ ಕಾಣುತ್ತಿತ್ತು, ಹಾಲಿನಲ್ಲಿ ಕುಂತ ಯಾರಿಗೂ ಅವಳು ಕಾಣುತ್ತಿರಲಿಲ್ಲ. ಕಂಡವಳು ಒಲೆ ಮುಂದಿದ್ದ ವರದಮ್ಮ ಒಬ್ಬಳೇ. ಅಷ್ಟರಲ್ಲಿ ವರದಮ್ಮನ ತಮ್ಮ ರವಿ ಹಿತ್ತಲ ಬಾಗಿಲಿಂದ ಬಂದ. ಮೂವತ್ತೈದರ ಆಸುಪಾಸಿನ ಆಳು, ಹಿಟ್ಟಿನ ಗಿರಣಿ ನಡೆಸುವವನು. ಹೆಂಚಿನಿಂದ ಇಳಿದ ಹೋಳಿಗೆಯೊಂದನ್ನು ಎತ್ತಿಕೊಂಡು ಬಾಗಿಲಿಗೆ ಒರಗಿ ತಿನ್ನುತ್ತ ನಿಂತ.

ಮಕ್ಕಳು "ನೆಕ್ಸ್ಟ್ ಟರ್ನ್!" ಎಂದು ಕೂಗಿದರು. ನೀಲಾಂಬಿಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗೊಂಬೆ ಹೊರಟಿತು.

ಮೊದಲ ಬಾವುಟ ಅವಳಿಗೆ ಗೊತ್ತೇ ಆಗಲಿಲ್ಲ. ಎರಡನೆಯದರ ಹೊತ್ತಿಗೆ ಮೈಗೆ ಏನೋ ತಿಳಿಯಿತು. ಮೊಣಕಾಲು ತಾನೇ ಬಗ್ಗಿತು. ತಿರುವು ಬರುವುದಕ್ಕೆ ಮುಂಚೆಯೇ ಹೆಗಲು ವಾಲಿತು. ಬಿಳೀ ಗುಡ್ಡ ಕೆಳಕ್ಕೆ ಕೆಳಕ್ಕೆ ಬೀಳುತ್ತ ಹೋಯಿತು, ಗೊಂಬೆ ಕೆಂಪು ಬಾವುಟ ಸವರಿ, ನೀಲಿ ಬಾವುಟ ಸವರಿ ಹಾವಿನಂತೆ ಹರಿಯಿತು. ಒಂದು ಕಡೆ ದಿಬ್ಬ ಬಂದು ಗೊಂಬೆ ಗಾಳಿಗೆ ಹಾರಿತು, ಅವಳೂ ತುದಿಗಾಲಲ್ಲಿ ಎದ್ದಳು. ಹೋಳಿಗೆ ಸೀದ ವಾಸನೆ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಕೆಳಗೆ ಮುಟ್ಟಿದ ಕೂಡಲೇ ಟಿವಿಯೊಳಗೆ ಜನ ಚಪ್ಪಾಳೆ ಹೊಡೆದರು, ಬಣ್ಣದ ಕಾಗದ ಉದುರಿತು, ಗೊಂಬೆ ಬಂಗಾರದ ಬಟ್ಟಲೊಂದನ್ನು ಎತ್ತಿ ಕುಣಿಯಿತು.

"ಫಸ್ಟು! ಫಸ್ಟು!" ಎಂದು ಮಕ್ಕಳು ಚೀರಿದರು.

"ಯಾರಲೇ ಅದು?" ಎಂದು ಶಾಂತವೀರಪ್ಪ ಕತ್ತು ಹಿಂದಕ್ಕೆ ತಿರುಗಿಸಿದ.

ಭಾವನ ಮುಖ ಇತ್ತ ತಿರುಗಿತೋ ಇಲ್ಲವೋ, ನೀಲಾಂಬಿಕ ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದಳು. ಕೈಯಲ್ಲಿದ್ದ ಎರಡೂ ರಿಮೋಟನ್ನು ರವಿಯ ಕೈಗೆ ತುರುಕಿ, ತಲೆ ಮೇಲೆ ಸೆರಗೆಳೆದು, ಬಾಗಿಲ ಹಿಂದಕ್ಕೆ ಸರಿದಳು. ಯೋಚನೆ ಮಾಡಿ ಮಾಡಿದ್ದಲ್ಲ. ರೆಪ್ಪೆ ಬಡಿದ ಹಾಗೆ ಆಗಿಹೋಯಿತು.

"ಭಲೇ ರವೀ!" ಎಂದ ಶಾಂತವೀರಪ್ಪ. "ಹಿಟ್ಟಿನ ಗಿರಣಿ ಬಿಟ್ಟು ಇದನ್ನೇ ಹಿಡಿ ಮಾರಾಯ."

ಬಾಯಿ ತುಂಬ ಹೋಳಿಗೆ ಇದ್ದ ರವಿ ಒಂದು ಗಳಿಗೆ ಕಣ್ಣುಕಣ್ಣು ಬಿಟ್ಟ. ಬಾಗಿಲ ಹಿಂದೆ ನೋಡಿದ. ಆಮೇಲೆ ನುಂಗಿಕೊಂಡು, "ಏನೋ ಭಾವ, ಹಂಗೆ ಕೈ ಆಡಿಸ್ದೆ ಅಷ್ಟೆ" ಎಂದು ನಕ್ಕ.

ಬಾಗಿಲ ಹಿಂದೆ ನೀಲಾಂಬಿಕಳ ಎದೆ ಇನ್ನೂ ಗುಡ್ಡ ಇಳಿಯುತ್ತಲೇ ಇತ್ತು. ಮೈ ಬೆವೆತಿತ್ತು. ಎಷ್ಟು ವರ್ಷದ ಮೇಲೆ ಆ ಥರ ಖುಷಿಯಾಗಿತ್ತೋ. ಅದನ್ನು ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುವುದಕ್ಕೆ ಮುಂಚೆಯೇ ಕಿತ್ತುಕೊಂಡು ಹೋಗಿದ್ದರು. ಅವನು ಕಿತ್ತುಕೊಂಡನೋ, ಇವಳೇ ಎತ್ತಿ ಕೊಟ್ಟಳೋ? ತನ್ನ ಕೈಯಾರೆ ಕೊಟ್ಟೆನಲ್ಲ ಎಂದು ನೆನೆದಾಗ ಸಿಟ್ಟು ಕಾಲಿನಿಂದ ತಲೆಗೆ ಏರಿತು.

"ಅಕ್ಕಾ, ನೋಡಿದ್ರಲ್ಲ ನೀವು? ನಿಮ್ಮ ತಮ್ಮಂಗೆ ನಾಚಿಕೆ ಐತಾ?" ಎಂದಳು ವರದಮ್ಮನ ಕಡೆ ತಿರುಗಿ.

"ಹೋಗ್ಲಿ ಬಿಡೇ. ಮಕ್ಕಳಾಟ. ಹೋಳಿಗೆ ಸೀಯ್ತು ನೋಡು."

"ಸೀಯ್ಲಿ."

"ಏನಾಗೈತೆ ನಿಂಗೆ ಇವತ್ತು?"

ಏನಾಗಿದೆ ಎಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಹಾಲಿನಿಂದ ಭಾವನ ದೊಡ್ಡ ದನಿ ಕೇಳಿತು. ಫೋನಿನಲ್ಲಿ ಅಂಗಡಿಯ ಪಾಲುದಾರ ಮಾಸ್ತಪ್ಪನ ಜೊತೆ ಮಾತು. ಹಬ್ಬದ ಮಾತು ಮುಗಿಸಿ, "ಒಂದು ವಿಷಯ ಕೇಳ್ರಿ ಮಾಸ್ತಪ್ಪಾರೆ. ನಮ್ಮನೆಯೋಳ ತಮ್ಮ ರವಿ ಇದಾನಲ್ಲ, ಟಿವಿ ಒಳಗೆ ಹಿಮದ ಮೇಲೆ ಜಾರೋ ಆಟ, ಒಂದು ಬಾವುಟ ಬಿಡ್ಲಿಲ್ಲ ಕಣ್ರಿ..." ಎಂದು ಶುರುಮಾಡಿದ. ಎಮ್ಮೆಯ ಕತೆ ಹೇಳುವಾಗಿನ ದನಿಯೇ ಅದು. ಆ ರಾಗ, ಆ ನಗು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವುದು. ನೀಲಾಂಬಿಕಳಿಗೆ ಗೊತ್ತಾಯಿತು. ಇನ್ನು ತಾನು ಸಾಯುವವರೆಗೂ ಮದುವೆ ಮನೆ, ಸಾವಿನ ಮನೆಗಳಲ್ಲಿ ರವಿ ಗೆದ್ದ ಕತೆಯನ್ನು ಬಾಗಿಲ ಹಿಂದೆ ನಿಂತು ಕೇಳಬೇಕು.

ಹೋಳಿಗೆ ಮಗುಚುವ ಸಟ್ಟುಗವನ್ನು ಎತ್ತಿ ಹೆಂಚಿನ ಮೇಲೆ ಕುಕ್ಕಿ ಅವಳು ಹೊರಗೆ ಬಂದಳು. ಸೋಫಾ ಸುತ್ತಿಕೊಂಡು ಹೋಗಿ ಟಿವಿಗೂ ಭಾವನಿಗೂ ನಡುವೆ ನಿಂತಳು. ನೆಟ್ಟಗೆ ಅವನ ಎದುರಿಗೆ.

"ಗೆದ್ದೋಳು ನಾನು. ರವಿ ಅಲ್ಲ."

ಶಾಂತವೀರಪ್ಪ ಫೋನು ಕಿವಿಯಿಂದ ತೆಗೆದ. ಇವಳ ಮುಖ ನೋಡಲಿಲ್ಲ. ತಮ್ಮನ ಕಡೆ ತಿರುಗಿ, "ಏನಂತೋ ಇವಳಿಗೆ?" ಎಂದ.

"ನನ್ನ ಕೇಳ್ರಿ. ಇಲ್ಲೇ ನಿಂತೀನಿ" ಎಂದಳು ನೀಲಾಂಬಿಕ.

"ಏಯ್, ಸುಮ್ನಿರು, ಒಳಗೆ ಹೋಗು" ಎಂದು ಆನಂದಪ್ಪ ಹಲ್ಲು ಕಚ್ಚಿದ.

"ನೀವು ಸುಮ್ನಿರ್ರಿ. ನೀವು ಸುಮ್ನಿದ್ದಿದ್ದು ಸಾಕಷ್ಟಾಗೈತೆ, ಇನ್ನೂ ಒಂಚೂರು ಇದ್ರೆ ಏನೂ ಕಮ್ಮಿ ಆಗಲ್ಲ."

ಶಾಂತವೀರಪ್ಪ ಈಗ ಹೆಂಡತಿಯನ್ನು ಕೂಗಿದ. "ವರದಾ! ಇವಳು ಏನೋ ಅಂತಾಳೆ. ನೀನು ಅಲ್ಲೇ ಇದ್ದೆಯಲ್ಲ, ಆಡಿದ್ದು ಯಾರು?"

ವರದಮ್ಮ ಬಾಗಿಲಿಗೆ ಬಂದಳು. ಕೈ ತುಂಬ ಮೈದಾಹಿಟ್ಟು. ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ನೀಲಾಂಬಿಕಳ ಮುಖ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದಳು.

"ನಾನು ಹಿಟ್ಟು ಮಿದೀತಾ ಇದ್ನಪ್ಪ. ನೋಡ್ಲಿಲ್ಲ."

ಮುಳ್ಳಿಗೆ ಬಿದ್ದರೆ ಹೇಗಿರುತ್ತದೆ ಎಂದು ನೀಲಾಂಬಿಕಳಿಗೆ ಆಗ ತಿಳಿಯಿತು. ಗಂಡಸರ ಮಾತು ಬೇರೆ. ಒಂದೇ ಒಲೆಯ ಮುಂದೆ ಹೊಗೆ ಕುಡಿದವಳು, ಹೆರಿಗೆಯಲ್ಲಿ ಕೈ ಹಿಡಿದವಳು, ಇವಳೂ ಹೀಗೆ ಅಂದಳಲ್ಲ.

"ಅಮ್ಮಾ, ರಿಮೋಟು ಚಿಕ್ಕಮ್ಮನ ಕೈಗೆ ಕೊಟ್ಟಿದ್ದು ನಾನೇ" ಎನ್ನುತ್ತ ಶಾಲಿನಿ ಮಹಡಿಯಿಂದ ಇಳಿದು ಬಂದಳು.

"ಕೊಟ್ಟಿರ್ತೀಯಾ. ಆಡಿದ್ದು ನೋಡಿದೆಯಾ?" ಎಂದ ಅಪ್ಪ.

ಶಾಲಿನಿ ನೋಡಿರಲಿಲ್ಲ.

"ಅಷ್ಟು ಖಾತ್ರಿ ಇದ್ರೆ ಇನ್ನೊಂದು ಸಲ ಆಡಿ ತೋರಿಸ್ಲಿ" ಎಂದು ಶಾಂತವೀರಪ್ಪ ಗೋಡೆಗೆ ಹೇಳಿದ.

ಮಕ್ಕಳಿಗೆ ಹುರುಪು ಬಂತು. "ಹೂಂ ಚಿಕ್ಕಜ್ಜಿ, ಆಡ್ರಿ ಆಡ್ರಿ!" ರವಿ ಪೆಚ್ಚುನಗೆ ನಗುತ್ತ ರಿಮೋಟು ಮುಂದಕ್ಕೆ ಚಾಚಿದ. ಅವಳು ಕೈ ಮುಟ್ಟಿಸಲಿಲ್ಲ.

"ನಾನ್ಯಾಕೆ ತೋರಿಸ್ಲಿ? ಒಂದು ಸಲ ಗೆದ್ದಾತು. ಅವನನ್ನ ಯಾರೂ ಇನ್ನೊಂದು ಸಲ ತೋರಿಸು ಅನ್ಲಿಲ್ಲ. ಬಾಯಿ ಬಿಟ್ಟು ನಾನೇ ಅನ್ನೋಕೆ ಮುಂಚೆನೇ ಭಲೇ ಅಂದ್ರಿ. ಅವನೇ ತೋರಿಸ್ಲಿ ಈಗ. ಬಾರಪ್ಪಾ ರವಿ, ಹಂಗೆ ಕೈ ಆಡಿಸು ನೋಡಾಣ."

ರವಿ ಹಿಂದೆ ಮುಂದೆ ನೋಡಿದ. ಭಾವ "ಆಡೋ, ಹೆದ್ರಿಕೆ ಏನು" ಎಂದ. ರವಿ ಟಿವಿ ಮುಂದೆ ನಿಂತು, ರಿಮೋಟು ಹಿಡಿದು, ಗಿರಣಿಯ ಬೆಲ್ಟು ಎಳೆದ ಹಾಗೆ ಎಳೆದ. ಗೊಂಬೆ ಮೊದಲನೇ ಬಾವುಟವನ್ನೇ ಬಿಟ್ಟು ಬೇಲಿ ಹಾರಿ, ಟಿವಿಯೊಳಗೆ ಕುಂತಿದ್ದ ಜನರ ಮೇಲೆ ಹೋಗಿ ಬಿತ್ತು. ಕಾಲಿನ ಹಲಗೆಗಳು ಮಾತ್ರ ಹಿಮದಿಂದ ಮೇಲಕ್ಕೆ ಚಾಚಿಕೊಂಡಿದ್ದವು.

ಮಕ್ಕಳು ನಗಲಿಲ್ಲ. ದೊಡ್ಡವರ ಮುಖ ನೋಡಿದರು.

"ಈ ಅಕ್ಕನೇ ಆಡಿದ್ದು ಭಾವ" ಎಂದ ರವಿ, ರಿಮೋಟನ್ನು ಟೀಪಾಯಿ ಮೇಲಿಟ್ಟು. "ನಾನು ತಮಾಷೆಗೆ ಅಂದೆ. ನೀವು ಹೊಗಳಿಬಿಟ್ರಿ, ಇಲ್ಲ ಅನ್ನೋಕೆ ಆಗ್ಲಿಲ್ಲ."

ಇಷ್ಟಾದ ಮೇಲೆ ಉಳಿದದ್ದು ಒಂದೇ ಮಾತು. ನೀನು ಗೆದ್ದೆ ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ನೀಲಾಂಬಿಕ ಕಾದಳು. ಶಾಂತವೀರಪ್ಪ ಎದ್ದು ಪಂಚೆ ಕೊಡವಿದ.

"ಆತು ಬಿಡ್ರಿ. ಯಾರೋ ಒಬ್ರು ಗೆದ್ರು. ಎಲ್ಲಾ ಮನೆಯೋರೇ ಅಲ್ವಾ? ಎಲೆ ಹಾಕ್ರಿ, ಹೊಟ್ಟೆ ಹಸೀತು."

ಯಾರೋ ಒಬ್ಬರು! ನೀಲಾಂಬಿಕಳ ಕಿವಿಯಲ್ಲಿ ಗುಂಯ್ ಎಂದಿತು.

"ಯಾರೋ ಒಬ್ರಲ್ಲ ಭಾವಾರೆ" ಎಂದಳು. ಆ ಮನೆಗೆ ಕಾಲಿಟ್ಟ ಮೇಲೆ ಅವಳು ಅವನನ್ನು ಬಾಯಿ ತುಂಬ ಕರೆದದ್ದು ಅದೇ ಮೊದಲು. "ಆವತ್ತು ಬಚ್ಚಲಾಗೆ ಹಾವು ಐತೆ ಅಂತ ಕೂಗಿದ್ದು ಎಮ್ಮೆ ಅಲ್ಲ, ನಾನು. ಅತ್ತೇನ ಹೊತ್ತಿದ್ದು ಇವರಲ್ಲ, ನಾನು. ಆವಾಗೆಲ್ಲ ಬಾಯಿ ಮುಚ್ಚಿಕೊಂಡಿದ್ದೆ. ಆವತ್ತು ಎಮ್ಮೆ ಆತು, ಇವತ್ತು ರವಿ ಆದ. ನಾಳೆ ನಾನು ಸತ್ರೆ ಸತ್ತಿದ್ದು ಪಕ್ಕದ ಮನೆಯೋಳು ಅಂತೀರೇನು? ನನ್ನ ಹೆಸರು ನಿಮ್ಮ ಬಾಯಾಗೆ ಬರಬೇಕು. ಇಷ್ಟು ಜನದ ಮುಂದೆ ಬರಬೇಕು."

ಶಾಂತವೀರಪ್ಪ ಕೈ ತೊಳೆಯಲು ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಅವಳು ಎಲೆ ಹಾಕಲಿಲ್ಲ. ಚೀಲ ಎತ್ತಿಕೊಂಡಳು, ಚಪ್ಪಲಿ ಮೆಟ್ಟಿದಳು. "ಉಂಡಾದ್ರೂ ಹೋಗಾಣ ಇರೇ" ಎಂದ ಗಂಡನಿಗೆ, "ನೀವು ಉಣ್ರಿ, ಅಣ್ಣನ ಮಗ್ಗುಲಲ್ಲಿ ಕುಂತು ಹೊಟ್ಟೆ ತುಂಬ ಉಣ್ರಿ" ಎಂದು ಹೇಳಿ ಸುಡು ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದಳು. ಆನವಟ್ಟಿ ಬಸ್ಸಿನಲ್ಲಿ ಹಬ್ಬದ ಜನ ಕಿಕ್ಕಿರಿದಿದ್ದರು. ಕಿಟಕಿಯ ಮಗ್ಗುಲಲ್ಲಿ ಕುಂತವಳೊಬ್ಬಳು ಬುಟ್ಟಿ ಸರಿಸಿ ಜಾಗ ಕೊಟ್ಟು, "ಯಾಕವ್ವ, ಮಕ ಕೆಂಡದಂಗೆ ಆಗೈತೆ, ಬಿಸಿಲಾ?" ಎಂದಳು. "ಬಿಸಿಲಲ್ಲ" ಎಂದಳು ನೀಲಾಂಬಿಕ.

ಸಾಯಂಕಾಲ ಆನಂದಪ್ಪ ಬೈಕಿನಲ್ಲಿ ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಅತ್ತಿಗೆ ಹೋಳಿಗೆ ಕಳಿಸ್ಯಾರೆ. ಅತ್ಕಂಡೇ ಕಟ್ಟಿಕೊಟ್ರು."

"ಕಣ್ಣೀರು ಬರುತ್ತೆ, ಮಾತು ಬರಲ್ಲ ಅವರಿಗೆ."

"ನೀನು ಅಷ್ಟು ಮಾಡಬಾರದಿತ್ತು. ಜುಜುಬಿ ಒಂದು ಆಟಕ್ಕೆ."

"ಜುಜುಬಿ ಆಟವಾ? ಹಂಗಾರೆ ಅಷ್ಟು ಜುಜುಬಿನೂ ನಂಗೆ ಬಿಟ್ಟುಕೊಡೋಕೆ ಆಗ್ಲಿಲ್ಲ ಅಂದಂಗಾತಲ್ಲ ನಿಮ್ಮಣ್ಣಂಗೆ." ಗಂಡನ ಮುಖವನ್ನೇ ನೋಡಿ ಕೇಳಿದಳು. "ನೀವಾದ್ರೂ ಒಂದು ಸಲ ತಿರುಗಿ ನೋಡಿದ್ರಾ ನಾನು ಆಡೋವಾಗ?"

ಆನಂದಪ್ಪ ಬೈಕಿನ ಕೀಲಿಯನ್ನು ಮೊಳೆಗೆ ಹಾಕಲು ಹೋಗಿ ಕೆಳಗೆ ಬೀಳಿಸಿದ. "ಟಿವಿ ನೋಡ್ತಿದ್ದೆ ಕಣೇ" ಎಂದ. ಅದು ಸುಳ್ಳಲ್ಲ. ಹಾಗಾಗಿಯೇ ಅವಳಿಗೆ ಇನ್ನೂ ಉರಿಯಿತು. ಡಬ್ಬಿಯ ಮುಚ್ಚಳ ಅವಳು ತೆಗೆಯಲಿಲ್ಲ. ಆ ರಾತ್ರಿ ಅವನೇ ಹಾಲು ಕಾಯಿಸಿಕೊಂಡು ಹೋಳಿಗೆ ಉಂಡ.

ಹಬ್ಬ ಕಳೆದು ಒಂದೆರಡು ವಾರ ಆಗಿತ್ತು. ಆನಂದಪ್ಪ ಫೋನನ್ನು ಮಂಚದ ಮೇಲೆ ಮರೆತು ಹೊಲಕ್ಕೆ ಹೋಗಿದ್ದ. ಅದು ಹೊಡೆದುಕೊಂಡಿತು. ಅಣ್ಣ ಎಂದು ಹೆಸರು ಬಂತು. ಮುಂಚೆಯೆಲ್ಲ ಹೀಗಾದರೆ ನೀಲಾಂಬಿಕ ಹಸಿರು ಗುಂಡಿ ಒತ್ತಿ, ಒಂದಕ್ಷರ ಮಾತಾಡದೆ, ಫೋನನ್ನು ಬೆಂಕಿಕೆಂಡದಂತೆ ಹಿಡಿದುಕೊಂಡು ಗಂಡನನ್ನು ಹುಡುಕಿಕೊಂಡು ಓಡುತ್ತಿದ್ದಳು. ಆ ಕಡೆ ಭಾವ ಅವಳ ಬಳೆ ಸದ್ದು ಕೇಳಿಕೊಂಡು ಸುಮ್ಮನೆ ಕಾಯುತ್ತಿದ್ದ.

ಅವಳು ಗುಂಡಿ ಒತ್ತಿ ಕಿವಿಗೆ ಹಿಡಿದಳು. "ಹೇಳ್ರಿ ಭಾವಾರೆ. ನೀಲಾಂಬಿಕ ಮಾತಾಡದು."

ಫೋನು ಕಟ್ಟಾಯಿತು.

ಮತ್ತೆ ಹೊಡೆದುಕೊಂಡಿತು. ಮತ್ತೆ ಅದೇ ಮಾತು ಹೇಳಿದಳು. ಮತ್ತೆ ಕಟ್ಟು. ಅವಳು ಅಕ್ಕಿ ಆರಿಸುತ್ತ ಕುಂತಳು. ಮೂರನೆಯ ಸಲ ಬರುತ್ತದೆ ಎಂದು ಗೊತ್ತಿತ್ತು. ಏನೋ ಜರೂರು ಇರಬೇಕು, ಇಲ್ಲದಿದ್ದರೆ ಭಾವ ಒಂದು ಸಲಕ್ಕಿಂತ ಹೆಚ್ಚಿಗೆ ಫೋನು ಮಾಡುವ ಪೈಕಿಯವನಲ್ಲ.

ಬಂತು. "ಹೇಳ್ರಿ ಭಾವಾರೆ."

ಆ ಕಡೆ ಟಿವಿಯ ಗಲಾಟೆ, ಮಕ್ಕಳ ಗಲಾಟೆ. ಶಾಲಿನಿಯ ಮಕ್ಕಳು ಬೇಸಿಗೆ ರಜೆಗೆ ಬಂದಿರಬೇಕು. ಕೊನೆಗೆ, "ಆನಂದ ಇಲ್ವಾ?" ಎಂದಿತು ದನಿ. ಯಾರ ಮೂಲಕವೂ ಅಲ್ಲ. ಗೋಡೆಗೂ ಅಲ್ಲ. ಅವಳಿಗೇ.

"ಇಲ್ಲ. ಹೊಲಕ್ಕೆ ಹೋಗ್ಯಾರೆ."

"ಬಂದ ಮೇಲೆ ಫೋನು ಮಾಡೋಕೆ ಹೇಳು. ಅರ್ಜೆಂಟೈತೆ."

"ಹೇಳ್ತೀನಿ. ಅದಕ್ಕೆ ಮುಂಚೆ ಹಬ್ಬದ ದಿನದ್ದೊಂದು ಬಾಕಿ ಐತಲ್ಲ."

"ಏನು ಬಾಕಿ?"

"ನಿಮಗೆ ಗೊತ್ತೈತೆ."

"ಒಳ್ಳೆ ಹಟಮಾರಿ ಹೆಂಗಸು. ಆತು, ನೀನೇ ಗೆದ್ದೆ, ಸರೀನಾ?"

ಅವಳ ಮೈ ಹಗುರಾಗಲಿಲ್ಲ. ಗುಟ್ಟಿನಲ್ಲಿ ಹೇಳಿದ 'ಗೆದ್ದೆ' ಇನ್ನೊಂದು ಥರದ ಬಾಗಿಲ ಹಿಂದೆಯೇ ಅಲ್ಲವೇ? "ನನಗೊಬ್ಬಳಿಗೆ ಹೇಳಿದ್ರೆ ಆಗ್ಲಿಲ್ಲ. ಅಲ್ಲಿ ಯಾರ್‍ಯಾರು ಇದಾರೆ?"

"ಎಲ್ಲಾ ಇದಾರೆ. ರವಿನೂ ಬಂದಾನೆ. ಯಾಕೆ?"

"ಸ್ಪೀಕರ್ ಹಾಕ್ರಿ ಭಾವಾರೆ."

ಇನ್ನೇನು ಕಟ್ಟಾಗುತ್ತದೆ ಎಂದುಕೊಂಡಳು. ಆಗಲಿಲ್ಲ. "ಆ ಟಿವಿ ಸಣ್ಣ ಮಾಡ್ರೋ" ಎಂದು ಅವನು ಗದರಿದ್ದು ಕೇಳಿತು. ಏನೋ ಕಟಕ್ ಎಂದಿತು. ಸದ್ದು ದೊಡ್ಡ ಕೋಣೆಯೊಳಗೆ ಹರಡಿದಂತಾಯಿತು.

"ಹಾಕೀನಿ."

"ಹೇಳ್ರಿ."

"ಯುಗಾದಿ ದಿನ... ಆ ಆಟದಾಗೆ... ಗೆದ್ದೋಳು ನಮ್ಮ ಆನಂದನ ಹೆಂಡ್ತಿ."

"ನನಗೊಂದು ಹೆಸರೈತೆ."

"ನೀಲಾಂಬಿಕ!" ಎಂದು ಅವನು ಒದರಿಯೇ ಬಿಟ್ಟ. "ನೀಲಾಂಬಿಕ ಗೆದ್ದಿದ್ದು! ಕೇಳಿಸ್ತಾ ಎಲ್ರಿಗೂ?"

ಆ ಕಡೆ ಮಕ್ಕಳು ಹೋ ಎಂದು ಕೂಗಿದರು. ರವಿ ಏನೋ ಅಂದು ನಕ್ಕ. ಅದರ ನಡುವೆ ವರದಮ್ಮನ ದನಿ, ಸಣ್ಣಗೆ ಆದರೆ ಸ್ಪಷ್ಟವಾಗಿ, "ನಾನೂ ನೋಡಿದ್ದೆ" ಎಂದಿತು. "ಒಲೆ ಮುಂದಿನಿಂದ ಪೂರ್ತಿ ನೋಡಿದ್ದೆ."

ನೀಲಾಂಬಿಕ ಅಕ್ಕಿಯೊಳಗಿಂದ ಒಂದು ಕಲ್ಲು ಆರಿಸಿ ಬದಿಗಿಟ್ಟಳು. ಆ ಲೆಕ್ಕ ಬೇರೆ. ವರದಮ್ಮ ಎದುರಿಗೆ ಸಿಕ್ಕಾಗ ಅದನ್ನು ಕೇಳುವುದಿತ್ತು, ಕೇಳುವವರೆಗೆ ಅವಳ ಸಿಟ್ಟು ಇಳಿಯುವ ಹಾಗೂ ಇರಲಿಲ್ಲ.

"ಈಗ ಹೇಳ್ರಿ ಭಾವಾರೆ, ಅರ್ಜೆಂಟ್ ಏನು?"

"ಆನಂದಂಗೆ ಹೇಳ್ತೀನಿ."

"ನನಗೇ ಹೇಳ್ರಿ."

ಶಾಂತವೀರಪ್ಪ ಗಂಟಲು ಸರಿಮಾಡಿಕೊಂಡ. "ಸೋಮವಾರ ಸರ್ವೆಯೋರು ಬರ್ತಾರಂತೆ. ಹೊಲ ಅಳೆಸಿ ಹದ್ದುಬಸ್ತು ಮಾಡಿಸಬೇಕು. ಪಹಣಿ ತಗಂಡು ಬೆಳಗ್ಗೆನೇ ಹೊಲದಾಗೆ ಇರಬೇಕು."

"ಆತು. ನಾವಿಬ್ರೂ ಇರ್ತೀವಿ."

"ನೀನು ಯಾಕೆ?" ಎಂದ ಅವನು.

"ಹೊಲ ಉತ್ತೋಳು ನಾನೂ ಅಲ್ವಾ?" ಎಂದಳು ನೀಲಾಂಬಿಕ. ಆ ಕಡೆಯಿಂದ ಉತ್ತರ ಬರುವ ತನಕ ಫೋನು ಇಡಲಿಲ್ಲ.

"ಆತು, ಬಾ" ಎಂದ ಭಾವ.